28 ಕ್ಷೇತ್ರದಲ್ಲಿ 27 ಎಲ್ಲಿ ಹೋದವು? ಸುದ್ದಿ ಮಾಧ್ಯಮದ ಪಕ್ಷಪಾತದ ಬಗ್ಗೆ

ತುಂಗಾತೀರ

ಚುನಾವಣೆ ಬಂತೆಂದರೆ ಇಲ್ಲಿ ಒಂದೇ ಜಗಳ. ಆ ಚಾನೆಲ್ ಕಮಲದ್ದು, ಈ ಪತ್ರಿಕೆ ಕೈಯದ್ದು, ಇನ್ನೊಂದು ತೆನೆ ಹೊತ್ತ ಮಹಿಳೆಯದ್ದು. ಆಮೇಲೆ ಬೈದಾಟ. ಆಮೇಲೆ ಅಡ್ಮಿನ್ ಬಂದು ಬೀಗ ಹಾಕುತ್ತಾರೆ. ಈ ಸಲ ಬೇರೆ ಪ್ರಶ್ನೆ ಕೇಳೋಣ. ಯಾರು ಯಾರ ಪರ ಅನ್ನುವುದು ಬಿಡಿ. ಆ ಒಲವು ಸುದ್ದಿಯೊಳಗೆ ಬರುವ ದಾರಿ ಯಾವುದು? ಬಲ್ಲವರು ಹೇಳಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಂಕರ್ ಕಿರುಚುವುದು, ತಲೆಬರಹದಲ್ಲಿ 'ಗುಡುಗಿದರು', 'ತಿರುಗೇಟು' ಅಂತ ಹಾಕುವುದು ಕಣ್ಣಿಗೆ ಕಾಣುವ ಪಕ್ಷಪಾತ. ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ, ಅವರು ಅಷ್ಟನ್ನು ಲೆಕ್ಕದಿಂದ ಕಳೆದೇ ನೋಡುತ್ತಾರೆ. ಬರದೇ ಹೋದ ಸುದ್ದಿಯದ್ದೇ ನಿಜವಾದ ತೊಂದರೆ.

2019ರ ಲೋಕಸಭಾ ಚುನಾವಣೆ ನೆನಪಿದೆಯಾ? ರಾಜ್ಯದಲ್ಲಿ 28 ಕ್ಷೇತ್ರ. ಟಿವಿ ಹಾಕಿದರೆ ಮಂಡ್ಯ ಒಂದೇ. ಸುಮಲತಾ ಅವರ ರೋಡ್ ಶೋ, ನಿಖಿಲ್ ಕುಮಾರಸ್ವಾಮಿ ನಾಮಪತ್ರ, ದರ್ಶನ್–ಯಶ್ 'ಜೋಡೆತ್ತು', 'ನಿಖಿಲ್ ಎಲ್ಲಿದ್ದೀಯಪ್ಪಾ'. ಬೆಳಗ್ಗೆ ಇದೇ, ರಾತ್ರಿ ಇದೇ. ಅದೇ ಚುನಾವಣೆಯಲ್ಲಿ ತುಮಕೂರಿನಲ್ಲಿ ಮಾಜಿ ಪ್ರಧಾನಿ ದೇವೇಗೌಡರು ಸೋತರು. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಸೋತರು, ಅದು ಅವರ ಮೊದಲ ಚುನಾವಣಾ ಸೋಲು. ಬಿಜೆಪಿ 25 ಸೀಟು ಗೆದ್ದಿತು. ಅಷ್ಟು ದೊಡ್ಡ ಅಲೆ ಬರುತ್ತಿದೆ ಅನ್ನುವ ಸುಳಿವು ಕ್ಷೇತ್ರ ಸುತ್ತಿ ತಂದ ವರದಿಗಳಿಂದ ನಮಗೆ ಎಷ್ಟು ಸಿಕ್ಕಿತ್ತು? ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದ ವರ್ಷ ಅದು. ಬರದ ಬಗ್ಗೆ ಎಷ್ಟು ಗಂಟೆ ಚರ್ಚೆ ನೋಡಿದಿರಿ?

ಮದ್ದೂರು_ವಡೆ

ಮಂಡ್ಯದವನಾಗಿ ಹೇಳ್ತೀನಿ ಗುರು, ನಮಗೂ ಏನೂ ಸಿಗಲಿಲ್ಲ. ಕ್ಯಾಮೆರಾ ಪೂರ್ತಿ ನಮ್ಮೂರಲ್ಲೇ ಇತ್ತು. ಟೀ ಅಂಗಡಿ ಮುಂದೆ ಓಬಿ ವ್ಯಾನ್ ನಿಲ್ಲಿಸಿಕೊಂಡು ಹೋಗೋ ಬರೋರಿಗೆಲ್ಲ ಮೈಕ್ ಹಿಡಿದರು. ಕೇಳಿದ್ದು ಒಂದೇ ಪ್ರಶ್ನೆ: 'ಸ್ವಾಭಿಮಾನವಾ, ಮೈತ್ರಿಯಾ?' ಅಂದ್ರೆ ಸುಮಲತಾನಾ, ನಿಖಿಲ್ಲಾ ಅಂತ. ಕಬ್ಬಿನ ಬಾಕಿ ಕೇಳಲಿಲ್ಲ. ಮೈಷುಗರ್ ಕಾರ್ಖಾನೆ ಕುಂಟುತ್ತಿದ್ದದ್ದು ಯಾರಿಗೂ ಬೇಕಿರಲಿಲ್ಲ. 1933ರ ಕಾರ್ಖಾನೆ ಸ್ವಾಮಿ ಅದು, ಊರು ಬೆಳೆದಿದ್ದೇ ಅದರಿಂದ. ನಾಲೆ ನೀರಿನ ವಿಚಾರ ಯಾರೋ ಒಬ್ಬ ರೈತ ಎತ್ತಿದ್ರೆ ಮೈಕ್ ಪಕ್ಕದವರ ಕಡೆ ಹೋಗುತ್ತಿತ್ತು.

ಆದ್ದರಿಂದ ತುಂಗಾತೀರ ಅವರೇ, 27 ಅಲ್ಲ, 28 ಕ್ಷೇತ್ರವೂ ಕಾಣೆಯಾಗಿದ್ದವು ಅಂತ ತಿದ್ದಿಕೊಳ್ಳಿ.

ಸುಮ್ನೆ_ಓದುಗ

ಇದರಲ್ಲಿ ಪಕ್ಷಪಾತ ಎಲ್ಲಿ ಬಂತು? ಟಿಆರ್‌ಪಿ ಅಷ್ಟೇ. ಸಿನಿಮಾದವರು ಇದ್ದರು, ಜನ ನೋಡಿದರು, ಚಾನೆಲ್ ತೋರಿಸಿತು. ಎಲ್ಲವನ್ನೂ ಸಂಚು ಅಂತ ನೋಡಬೇಡಿ.

ತುಂಗಾತೀರ

ಸಂಚು ಅಂದಿಲ್ಲ ಸರ್. ಆದರೆ ಫಲ ನೋಡಿ. ಪಕ್ಷೇತರ ಅಭ್ಯರ್ಥಿ ಸುಮಲತಾ ಅವರಿಗೆ ದಿನಕ್ಕೆ ಗಂಟೆಗಟ್ಟಲೆ ನೇರ ಪ್ರಸಾರ ಸಿಕ್ಕಿತು. ಅವರಿಗೆ ಬಿಜೆಪಿ ಬೆಂಬಲ ಇತ್ತು ಅನ್ನುವುದು ಬೇರೆ ಮಾತು. ಬೇರೆ ಕ್ಷೇತ್ರಗಳ ಪಕ್ಷೇತರರಿಗೆ ಒಂದು ನಿಮಿಷವೂ ಸಿಗಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರೇ ಮಾಧ್ಯಮ ತಮ್ಮ ವಿರುದ್ಧ ನಿಂತಿದೆ ಎಂದು ಬಹಿರಂಗವಾಗಿ ಸಿಟ್ಟಾದರು. ಫಲಿತಾಂಶದ ಮೇಲೆ ನಿಖಿಲ್ ಬಗ್ಗೆ ಬಂದ ಒಂದು ವರದಿಗೆ 'ವಿಶ್ವವಾಣಿ' ಸಂಪಾದಕರ ಮೇಲೆ ಎಫ್‌ಐಆರ್ ಕೂಡ ಆಯಿತು. ಸ್ವಾರಸ್ಯ ಏನೆಂದರೆ ಕುಮಾರಸ್ವಾಮಿಯವರ ಮನೆಯವರೇ ಕಸ್ತೂರಿ ವಾಹಿನಿ ಕಟ್ಟಿದವರು. ಸ್ವಂತ ಚಾನೆಲ್ ಇದ್ದೂ ಉಳಿದವರ ಮೇಲೆ ದೂರು.

ಹಳೇ_ವರದಿಗಾರ

ಟಿವಿ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ಜಿಲ್ಲಾ ಮಟ್ಟದ ಪತ್ರಿಕೆ ಕೆಲಸ ಮಾಡಿದವನು ನಾನು, ಆ ಭಾಗ ಹೇಳಬಲ್ಲೆ. ಪತ್ರಿಕೆ ಹೆಸರು ಬೇಡ.

ಬೆಂಗಳೂರಿನ ಸಂಪಾದಕರು ಫೋನ್ ಮಾಡಿ 'ಇವರನ್ನು ಹೊಗಳು, ಅವರನ್ನು ತೆಗಳು' ಅಂತ ಹೇಳುವುದಿಲ್ಲ. ಅಷ್ಟು ಹೇಳುವ ಅಗತ್ಯವೇ ಬರುವುದಿಲ್ಲ. ತಾಲೂಕು ವರದಿಗಾರ ಅಂದರೆ ಹೆಚ್ಚಿನ ಕಡೆ ಅರೆಕಾಲಿಕ. ಪತ್ರಿಕೆ ಕೊಡುವ ಗೌರವಧನದಲ್ಲಿ ಬೈಕಿನ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಅವನ ಮನೆ ನಡೆಯುವುದು ಜಾಹೀರಾತಿನ ಕಮಿಷನ್‌ನಿಂದ. ರಾಜ್ಯೋತ್ಸವ ಪುರವಣಿ, ಜಾತ್ರೆ ಪುರವಣಿ, ಶಾಸಕರ ಹುಟ್ಟುಹಬ್ಬ, ಶಿಕ್ಷಣ ಸಂಸ್ಥೆಯ ಬೆಳ್ಳಿಹಬ್ಬ, ಪ್ರತಿಯೊಂದಕ್ಕೂ ಟಾರ್ಗೆಟ್ ಇರುತ್ತದೆ.

ಈಗ ಜಾಹೀರಾತು ಕೊಡುವವರು ಯಾರು ನೋಡಿ. ಶಾಸಕರು, ಶಾಸಕರ ಕಾಲೇಜು, ಶಾಸಕರ ತಮ್ಮ ಅಧ್ಯಕ್ಷರಾಗಿರುವ ಸಹಕಾರಿ ಬ್ಯಾಂಕ್, ಅವರ ಕಡೆಯ ಗುತ್ತಿಗೆದಾರರು. ಹೆಸರು ನಾಲ್ಕು, ಮನೆ ಒಂದೇ. ರಸ್ತೆ ಕಾಮಗಾರಿ ಕಳಪೆ ಅಂತ ಒಂದು ಸುದ್ದಿ ಬರೆದರೆ ಆ ವರ್ಷದ ನಾಲ್ಕು ಜಾಹೀರಾತೂ ಹೋಯಿತು. ಯಾರೂ ಬೆದರಿಸುವುದಿಲ್ಲ. 'ಈ ಸಲ ಬೇಡ ಬಿಡಿ, ನೋಡೋಣ' ಅಂತಾರೆ, ಅಷ್ಟೇ. ಮುಂದಿನ ಸಲ ಅದೇ ರಸ್ತೆಯಲ್ಲಿ ಹೋಗುವಾಗ ವರದಿಗಾರ ಗುಂಡಿ ತಪ್ಪಿಸಿ ಬೈಕ್ ಓಡಿಸುತ್ತಾನೆ, ಬರೆಯುವುದಿಲ್ಲ.

ಇದಕ್ಕೆ ಪಕ್ಷ ಇಲ್ಲ. ಯಾವ ತಾಲೂಕಿನಲ್ಲಿ ಯಾರು ಗಟ್ಟಿಯೋ ಅಲ್ಲಿ ಅವರ ಪರ. ಒಂದೇ ಪತ್ರಿಕೆ ಒಂದು ಜಿಲ್ಲೆಯ ಪುಟದಲ್ಲಿ ಕಾಂಗ್ರೆಸ್ಸಿನದ್ದಾಗಿ, ಪಕ್ಕದ ಜಿಲ್ಲೆಯ ಪುಟದಲ್ಲಿ ಬಿಜೆಪಿಯದ್ದಾಗಿ ಕಾಣುವುದು ಇದಕ್ಕೇ.

ಚುನಾವಣೆ ಬಂದಾಗ ಇದು 'ಪ್ಯಾಕೇಜ್' ಆಗುತ್ತದೆ. ಇಷ್ಟು ದಿನ, ಇಷ್ಟು ಕಾಲಂ, ಒಂದು ಸಂದರ್ಶನ, ಸಮಾವೇಶದ ಫೋಟೊ. ದುಡ್ಡು ಕೊಟ್ಟವರ ಸುದ್ದಿ ಬರುತ್ತದೆ ಅನ್ನುವುದು ಅರ್ಧ ಕಥೆ. ಕೊಡದವರ ಸುದ್ದಿ ಬರುವುದಿಲ್ಲ ಅನ್ನುವುದು ಇನ್ನರ್ಧ. ಒಬ್ಬ ರೈತ ಸಂಘದ ಅಭ್ಯರ್ಥಿ ದಿನಾ ಹಳ್ಳಿ ಸುತ್ತುತ್ತಿದ್ದರು, ಜನ ಸೇರುತ್ತಿದ್ದರು. ನಾನು ಕಳಿಸಿದ ಸುದ್ದಿ ಒಂದೂ ಅಚ್ಚಾಗಲಿಲ್ಲ. ಕೇಳಿದರೆ 'ಜಾಗ ಇರಲಿಲ್ಲ'.

ಗುರುತಿಸುವುದು ಕಷ್ಟವಲ್ಲ. ವರದಿಗಾರರ ಹೆಸರು ಇರುವುದಿಲ್ಲ. ಅಭ್ಯರ್ಥಿ ಕೈಮುಗಿದ ಫೋಟೊ ಇರುತ್ತದೆ. 'ಎಲ್ಲೆಡೆ ಅಭೂತಪೂರ್ವ ಜನಬೆಂಬಲ' ಅನ್ನುವ ಸಾಲು ಇದ್ದೇ ಇರುತ್ತದೆ. ಎದುರಾಳಿಯ ಒಂದು ಮಾತೂ ಇರುವುದಿಲ್ಲ. ಅಕ್ಷರಶಃ ಅದೇ ಸುದ್ದಿ ಇನ್ನೊಂದು ಪತ್ರಿಕೆಯಲ್ಲೂ ಸಿಕ್ಕಿದರೆ ಇನ್ನು ಅನುಮಾನವೇ ಬೇಡ.

ನ್ಯಾಯದ_ಕಟ್ಟೆ

ಹಳೇ ವರದಿಗಾರರು ಕೊನೆಗೆ ಹೇಳಿದ್ದು 2009ರಲ್ಲಿ ಮಹಾರಾಷ್ಟ್ರದಲ್ಲಿ ಹಾಗೇ ನಡೆಯಿತು. ಅಶೋಕ್ ಚವ್ಹಾಣ್ ಮುಖ್ಯಮಂತ್ರಿ. ವಿಧಾನಸಭಾ ಚುನಾವಣೆ ಸಮಯದಲ್ಲಿ ಅವರನ್ನು ಹೊಗಳಿದ ಪುಟಗಟ್ಟಲೆ ಬರಹ ಮರಾಠಿ ಪತ್ರಿಕೆಗಳಲ್ಲಿ ಬಂತು. ಅದೇ ಸಾಲು, ಅದೇ ತಲೆಬರಹ, ಬೇರೆ ಬೇರೆ ಪತ್ರಿಕೆ. ಪಿ. ಸಾಯಿನಾಥ್ ಅದನ್ನು 'ದಿ ಹಿಂದೂ'ವಿನಲ್ಲಿ ಬಯಲು ಮಾಡಿದರು. ಚವ್ಹಾಣ್ ಅವರು ಚುನಾವಣಾ ಆಯೋಗಕ್ಕೆ ಕೊಟ್ಟ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತಿನ ಖರ್ಚು ಎಷ್ಟಿತ್ತು ಗೊತ್ತಾ? 5,379 ರೂಪಾಯಿ.

ಕೇಸು ವರ್ಷಗಟ್ಟಲೆ ನಡೆಯಿತು. 2014ರಲ್ಲಿ ದೆಹಲಿ ಹೈಕೋರ್ಟ್ ಆಯೋಗದ ನೋಟಿಸ್ ರದ್ದು ಮಾಡಿತು.

ಈ ಗಲಾಟೆಯಿಂದ ಒಂದು ಒಳ್ಳೆಯ ಕೆಲಸ ಆಯಿತು. ಭಾರತೀಯ ಪತ್ರಿಕಾ ಮಂಡಳಿ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರ ಉಪಸಮಿತಿ ಮಾಡಿತು. ಅವರು 2010ರಲ್ಲಿ 71 ಪುಟದ ವರದಿ ಕೊಟ್ಟರು. ಅದರಲ್ಲಿ ಪತ್ರಿಕೆಗಳ ಹೆಸರು ಇದ್ದವು. ಮಂಡಳಿ ಏನು ಮಾಡಿತು? ಹೆಸರು ತೆಗೆದು, ಚಿಕ್ಕದು ಮಾಡಿ, ಅದನ್ನು ಪ್ರಕಟಿಸಿತು. ಮಂಡಳಿಯಲ್ಲಿ ಪತ್ರಿಕೆ ಮಾಲೀಕರೂ ಕೂತಿರುತ್ತಾರೆ ಅಲ್ವಾ. ಪೂರ್ತಿ ವರದಿ ಹೊರಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗದ ಆದೇಶ ಬೇಕಾಯಿತು. ಬರದೇ ಇರುವ ಸುದ್ದಿ ಬಗ್ಗೆ ತುಂಗಾತೀರ ಹೇಳಿದರಲ್ಲ, ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ಶಿಕ್ಷೆ ಆಗಿದ್ದು ಅಪರೂಪ. ಉತ್ತರ ಪ್ರದೇಶದ ಬಿಸೌಲಿ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 2011ರಲ್ಲಿ ಆಯೋಗ ಮೂರು ವರ್ಷ ಅನರ್ಹ ಮಾಡಿತು. ಕಾಸಿಗಾಗಿ ಸುದ್ದಿ ಪ್ರಕರಣದಲ್ಲಿ ಅನರ್ಹರಾದ ಮೊದಲಿಗರು ಅವರೇ. ಮಧ್ಯಪ್ರದೇಶದ ಸಚಿವ ನರೋತ್ತಮ್ ಮಿಶ್ರಾ ಅವರನ್ನು 2017ರಲ್ಲಿ ಅನರ್ಹ ಮಾಡಿತು. ಆರೋಪ 2008ರ ಚುನಾವಣೆಯದ್ದು! 2018ರಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು.

ಈಗ ಪ್ರತಿ ಜಿಲ್ಲೆಯಲ್ಲಿ ಎಂಸಿಎಂಸಿ ಅಂತ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ ಇರುತ್ತದೆ. ಅನುಮಾನದ ಸುದ್ದಿ ಕಂಡರೆ ಚುನಾವಣಾಧಿಕಾರಿ 96 ಗಂಟೆಯೊಳಗೆ ಅಭ್ಯರ್ಥಿಗೆ ನೋಟಿಸ್ ಕೊಡಬೇಕು. ಅಭ್ಯರ್ಥಿ 48 ಗಂಟೆಯಲ್ಲಿ ಉತ್ತರ ಕೊಡಬೇಕು. ಸಾಬೀತಾದರೆ ಜಾಹೀರಾತು ದರದಲ್ಲಿ ಲೆಕ್ಕ ಹಾಕಿ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ. ಪತ್ರಿಕೆಗೆ ಏನಾಗುತ್ತದೆ? ಪತ್ರಿಕಾ ಮಂಡಳಿಗೆ ಕಳಿಸುತ್ತಾರೆ. ಮಂಡಳಿ ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

ಕೆಂಪುಮಣ್ಣು

ಎಲ್ಲ ದುಡ್ಡಿನ ಮೇಲೆ ಹಾಕಿಬಿಟ್ಟರೆ ಮಾಲೀಕರು ತಪ್ಪಿಸಿಕೊಳ್ಳುತ್ತಾರೆ. ಕನ್ನಡದ ಚಾನೆಲ್‌ಗಳನ್ನೇ ನೋಡಿ. ಸುವರ್ಣ ನ್ಯೂಸ್ ಹಿಂದೆ ರಾಜೀವ್ ಚಂದ್ರಶೇಖರ್ ಹೂಡಿಕೆ, ಅವರು ಬಿಜೆಪಿ ಸರ್ಕಾರದಲ್ಲಿ ಕೇಂದ್ರ ಸಚಿವರಾಗಿದ್ದವರು. ವಿಜಯವಾಣಿ, ದಿಗ್ವಿಜಯ ಶುರು ಮಾಡಿದ್ದು ವಿಆರ್‌ಎಲ್, ವಿಜಯ ಸಂಕೇಶ್ವರರು ಧಾರವಾಡ ಉತ್ತರದಿಂದ ಬಿಜೆಪಿ ಸಂಸದರಾಗಿದ್ದವರು. ನ್ಯೂಸ್18 ರಿಲಯನ್ಸ್ ಕೈಲಿದೆ. ಇನ್ನೇನು ಬೇಕು?

ಸುಮ್ನೆ_ಓದುಗ

ಬೇಕಾದವರ ಹೆಸರು ಮಾತ್ರ ಹೇಳಿದಿರಿ. ಕಸ್ತೂರಿ ಬಿಟ್ಟಿರಿ. ಕಾಂಗ್ರೆಸ್ಸಿನ ಸತೀಶ್ ಜಾರಕಿಹೊಳಿ ಅವರ ಕೈಯಲ್ಲಿ ಸಮಯ ನ್ಯೂಸ್ ಇತ್ತು, ಅದನ್ನೂ ಬಿಟ್ಟಿರಿ. ಪಕ್ಷಪಾತದ ಚರ್ಚೆಯಲ್ಲೇ ಪಕ್ಷಪಾತ!

ಕೆಂಪುಮಣ್ಣು

ಸೇರಿಸಿಕೊಳ್ಳಿ ಸರ್, ನನಗೇನೂ ಬೇಜಾರಿಲ್ಲ. ಆದರೆ ಇವತ್ತು ಉಳಿದಿರುವುದು ಯಾವುದು, ಯಾರ ಬಳಿ ಬಂಡವಾಳ ಜಾಸ್ತಿ ಇದೆ ಅದನ್ನೂ ನೋಡಿ. ಎರಡು ಕಡೆ ಹೆಸರಿದ್ದ ಮಾತ್ರಕ್ಕೆ ಎರಡೂ ಸಮ ಆಗಲ್ಲ. 2022ರ ಕೊನೆಗೆ ಎನ್‌ಡಿಟಿವಿ ಅದಾನಿ ಕೈಗೆ ಹೋಯಿತು. ಅಂಥ ಖರೀದಿ ಮಾಡುವ ಶಕ್ತಿ ಪ್ರಾದೇಶಿಕ ಪಕ್ಷದ ಯಾವ ನಾಯಕನಿಗಿದೆ?

ರಾಯಚೂರು_ಬಿಸಿಲು

ಮಾಲೀಕರ ಮಾತು ಬಂತು ಅಂತ ಹೇಳ್ತೀನ್ರಿ. ನೀವು ಬೆಂಗಳೂರು ಕಡೆಯವರು ಇದನ್ನ ಸಣ್ಣದಾಗಿ ನೋಡೀರಿ. ನಮ್ಮ ಕಡೆ ಮನ್ಯಾಗ ತೆಲುಗು ಚಾನೆಲ್ಲೂ ನಡೀತಾವ. ಅಲ್ಲಿ ಮುಚ್ಚುಮರೆನೇ ಇಲ್ಲ.

ರಾಮೋಜಿ ರಾವ್ 1974ರಲ್ಲಿ 'ಈನಾಡು' ಶುರು ಮಾಡಿದರು. ಎನ್‌ಟಿಆರ್ 1982ರಲ್ಲಿ ತೆಲುಗುದೇಶಂ ಕಟ್ಟಿದಾಗ ಆ ಪತ್ರಿಕೆ ಬಲವಾಗಿ ಹಿಂದೆ ನಿಂತಿತು. ಅದಕ್ಕೆ ಎದುರಾಗಿ 2008ರಲ್ಲಿ ಜಗನ್ ಕುಟುಂಬದ 'ಸಾಕ್ಷಿ' ಬಂತು. ಒಂದೇ ದಿನ ಎರಡೂ ಪತ್ರಿಕೆ ತೆಗೆದು ನೋಡಿದರೆ ಎರಡು ಬೇರೆ ರಾಜ್ಯದ ಸುದ್ದಿ ಓದಿದಂಗ ಆಗುತ್ತದೆ. ಜಗನ್ ಸರ್ಕಾರ ಇದ್ದಾಗ ಗ್ರಾಮ ಸ್ವಯಂಸೇವಕರಿಗೆ ಪತ್ರಿಕೆ ಕೊಳ್ಳಲಿಕ್ಕೆ ತಿಂಗಳಿಗೆ 200 ರೂಪಾಯಿ ಕೊಡುವ ಆದೇಶ ಹೊರಡಿಸಿದರು. ಸ್ವಯಂಸೇವಕರು ಲಕ್ಷಗಟ್ಟಲೆ. ಆ ರೊಕ್ಕ ಯಾವ ಪತ್ರಿಕೆಗೆ ಹೋಗುತ್ತದೆ ಅಂತ ಈನಾಡು ಕಂಪನಿ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟು 2023ರಲ್ಲಿ ಆ ಕೇಸನ್ನ ದೆಹಲಿ ಹೈಕೋರ್ಟಿಗೆ ಕಳಿಸಿತು.

ಇನ್ನೊಂದು ಚಾಳಿ ಅದಾವ ಅಲ್ಲಿ. ಸರ್ಕಾರ ಬದಲಾದ ಕೂಡಲೇ ಕೇಬಲ್‌ನಿಂದ ಚಾನೆಲ್ ಮಾಯ. ತೆಲಂಗಾಣ ರಾಜ್ಯ ಆದ 2014ರಲ್ಲಿ ಟಿವಿ9, ಎಬಿಎನ್ ಆಂಧ್ರಜ್ಯೋತಿ ಹೋದವು. 2019ರಲ್ಲಿ ಆಂಧ್ರದಾಗ ಜಗನ್ ಬಂದ ಮ್ಯಾಲೆ ಟಿವಿ5, ಎಬಿಎನ್ ಹೋದವು. 2024ರಲ್ಲಿ ಚಂದ್ರಬಾಬು ಬಂದ ಮ್ಯಾಲೆ ಸಾಕ್ಷಿ, ಟಿವಿ9 ಹೋದವು. ಪ್ರತಿ ಸಲ ಸರ್ಕಾರ ಹೇಳೋದು 'ನಾವಲ್ಲ, ಕೇಬಲ್‌ನವರು'. ಪ್ರತಿ ಸಲ ಕೋರ್ಟು, ಟ್ರಿಬ್ಯೂನಲ್ ಹೇಳಿದ ಮ್ಯಾಲೆ ವಾಪಸ್.

ಆದರ ನನಗ ಒಂದು ಅನುಕೂಲ ಐತಿ ನೋಡ್ರಿ. ಯಾರ ಪತ್ರಿಕೆ ಯಾರದ್ದು ಅಂತ ಓದುವವನಿಗೆ ಗೊತ್ತು. ಎರಡೂ ಓದಿ ನಡುವೆ ಏನೈತಿ ಅಂತ ಲೆಕ್ಕ ಹಾಕಿಕೊಳ್ಳತೀವಿ. ಕನ್ನಡದಾಗ ಎಲ್ಲರೂ 'ನಾವು ನಿಷ್ಪಕ್ಷಪಾತ' ಅಂತಾರ. ಅದಕ್ಕ ಇಲ್ಲಿ ಲೆಕ್ಕ ತಪ್ಪತೈತಿ.

ಥೇಮ್ಸ್_ದಂಡೆ

ರಾಯಚೂರಿನವರ ಕೊನೆಯ ಮಾತಿಗೆ ಒಂದು ಸೇರ್ಪಡೆ. ನಾನಿರುವ ಬ್ರಿಟನ್ನಿನಲ್ಲಿ ಪತ್ರಿಕೆಗಳು ಚುನಾವಣೆಗೆ ಮುಂಚೆ 'ಈ ಪಕ್ಷಕ್ಕೆ ಮತ ಹಾಕಿ' ಅಂತ ಸಂಪಾದಕೀಯದಲ್ಲೇ ಹೇಳುತ್ತವೆ. ಯಾರೂ ಅದನ್ನು ಹಗರಣ ಅನ್ನುವುದಿಲ್ಲ. ಟಿವಿಗೆ ಮಾತ್ರ ಆ ಹಕ್ಕಿಲ್ಲ. ಆಫ್‌ಕಾಮ್ ಅನ್ನುವ ಸಂಸ್ಥೆಯ ನಿಯಮದಂತೆ ಸುದ್ದಿವಾಹಿನಿ ರಾಜಕೀಯ ವಿಷಯದಲ್ಲಿ ನಿಷ್ಪಕ್ಷಪಾತವಾಗಿರಬೇಕು, ತಪ್ಪಿದರೆ ದಂಡ. ಅಲ್ಲೂ ಜಗಳ ಇದ್ದೇ ಇದೆ, ಬಿಬಿಸಿಯನ್ನು ಎರಡೂ ಕಡೆಯವರು ಬೈಯುತ್ತಾರೆ. ಆದರೆ ಪತ್ರಿಕೆಗೊಂದು ನ್ಯಾಯ, ಟಿವಿಗೊಂದು ನ್ಯಾಯ ಅನ್ನುವುದು ನನಗೆ ಸರಿ ಕಾಣುತ್ತದೆ.

ಹಳೇ_ವರದಿಗಾರ

ಇಲ್ಲಿ ಸರ್ಕಾರಕ್ಕೆ ಅಂಥ ಅಧಿಕಾರ ಕೊಟ್ಟರೆ ಏನಾಗುತ್ತದೆ ಗೊತ್ತಲ್ಲ? ಪವರ್ ಟಿವಿ ಕಥೆ ನೋಡಿ. 2020ರಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿ. ಅವರ ಕುಟುಂಬದ ಮೇಲೆ ಆ ಚಾನೆಲ್ ಭ್ರಷ್ಟಾಚಾರದ ಆರೋಪ ಮಾಡಿತು. ಪೊಲೀಸರು ದಾಳಿ ಮಾಡಿ ಸರ್ವರ್ ತೆಗೆದುಕೊಂಡು ಹೋದರು, ಪ್ರಸಾರ ನಿಂತಿತು. 2024ರಲ್ಲಿ ಅದೇ ಚಾನೆಲ್ ರೇವಣ್ಣ ಕುಟುಂಬದ ಪ್ರಕರಣ ತೋರಿಸಿತು. ಆಗ ಲೈಸೆನ್ಸ್ ನವೀಕರಣ ಆಗಿಲ್ಲ ಅನ್ನುವ ಅರ್ಜಿ ಹೈಕೋರ್ಟಿಗೆ ಹೋಯಿತು, ಪ್ರಸಾರಕ್ಕೆ ತಡೆ ಬಂತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತಡೆಗೆ ತಡೆ ಕೊಟ್ಟು, ಇದು ರಾಜಕೀಯ ಸೇಡು ಎಂದು ನೇರವಾಗಿ ಹೇಳಿತು. ಆ ಚಾನೆಲ್‌ನ ಶೈಲಿ ನನಗೆ ಹಿಡಿಸುವುದಿಲ್ಲ. ಅದು ಬೇರೆ ವಿಷಯ.

ಬಾಯಿ ಮುಚ್ಚಿಸಲು ಲೈಸೆನ್ಸೇ ಬೇಕಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ವಿಧಾನಸಭೆಯೊಳಗೆ ಖಾಸಗಿ ಚಾನೆಲ್ ಕ್ಯಾಮೆರಾ ಬೇಡ ಅಂದರು ಸ್ಪೀಕರ್. 2021ರ ಮಾರ್ಚ್‌ನಲ್ಲಿ ರಮೇಶ್ ಜಾರಕಿಹೊಳಿ ಸಿ.ಡಿ. ಹೊರಬಂದ ಕೂಡಲೇ ಆರು ಸಚಿವರು ಕೋರ್ಟಿಗೆ ಓಡಿ 68 ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ತಂದರು. ಅವರ ಸಿ.ಡಿ. ಇದೆ ಅಂತ ಯಾರೂ ಹೇಳಿರಲಿಲ್ಲ!

ಇನ್ನು ಸಿಹಿ ದಾರಿ. 2022ರ ದೀಪಾವಳಿಗೆ ಕೆಲವು ಪತ್ರಕರ್ತರಿಗೆ ಮುಖ್ಯಮಂತ್ರಿ ಕಚೇರಿ ಕಡೆಯಿಂದ ಸ್ವೀಟ್ ಬಾಕ್ಸ್ ಹೋಯಿತು, ಒಳಗೆ ನಗದು ಇತ್ತು ಅನ್ನುವ ಆರೋಪ ಬಂತು. ಕೆಲವರು ವಾಪಸ್ ಕಳಿಸಿದರು, ಲೋಕಾಯುಕ್ತಕ್ಕೆ ದೂರು ಹೋಯಿತು. ಬೊಮ್ಮಾಯಿ ಅವರು ತಾವು ಯಾರಿಗೂ ಹಾಗೆ ಹೇಳಿಲ್ಲ ಎಂದರು. ವಾಪಸ್ ಕೊಟ್ಟವರ ಬಗ್ಗೆ ಗೌರವ ಇದೆ. ಉಳಿದ ಡಬ್ಬಿಗಳ ಬಗ್ಗೆ ಆಮೇಲೆ ಎಷ್ಟು ಸುದ್ದಿ ನೋಡಿದಿರಿ?

ಸುಮ್ನೆ_ಓದುಗ

ಸರ್ಕಾರಿ ಜಾಹೀರಾತಿನ ಬಗ್ಗೆ ಯಾರೂ ಹೇಳಲಿಲ್ಲ. ಅದೂ ಇದೇ ಅಲ್ವಾ? ಮುಖಪುಟ ಪೂರ್ತಿ ಮುಖ್ಯಮಂತ್ರಿ ಫೋಟೊ, ಒಳಗೆ ಅದೇ ಸರ್ಕಾರದ ಬಗ್ಗೆ ಹಗುರ ಸುದ್ದಿ.

ನ್ಯಾಯದ_ಕಟ್ಟೆ

ಅದೇ ಎಲ್ಲಕ್ಕಿಂತ ದೊಡ್ಡ ಗಿರಾಕಿ. ಕೇಂದ್ರವಾಗಲಿ, ಯಾವುದೇ ರಾಜ್ಯವಾಗಲಿ. ಸಣ್ಣ ಪತ್ರಿಕೆಗಳಂತೂ ವಾರ್ತಾ ಇಲಾಖೆಯ ಬಿಲ್ ಪಾಸಾಗುವುದನ್ನು ಕಾಯುತ್ತಾ ಕೂತಿರುತ್ತವೆ. 2015ರ ಮೇನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಫೋಟೊ ಬಿಟ್ಟು ಬೇರೆಯವರದ್ದು ಹಾಕಬಾರದು ಎಂದಿತು. ರಾಜ್ಯಗಳೆಲ್ಲ ಒಟ್ಟಾಗಿ ಹೋಗಿ ಬೇಡಿಕೊಂಡವು. 2016ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ, ರಾಜ್ಯಪಾಲರು, ಸಚಿವರಿಗೂ ಅವಕಾಶ ಸಿಕ್ಕಿತು. ಪಕ್ಷಭೇದ ಮರೆತ ಅಪರೂಪದ ಸಂದರ್ಭ.

ತುಂಗಾತೀರ

ಎಲ್ಲ ಪಕ್ಷಕ್ಕೂ ಅನುಕೂಲವಾದದ್ದು ಅಂದಕೂಡಲೇ ಒಂದು ನೆನಪಾಯಿತು. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ಬಿಜೆಪಿ ಸರ್ಕಾರವೂ ಎಳೆಯಿತು, ಕಾಂಗ್ರೆಸ್ ಸರ್ಕಾರವೂ ಎಳೆಯಿತು. ಶಾಸಕರಿಗೂ ಆರಾಮ, ಅನುದಾನಕ್ಕೆ ಪೈಪೋಟಿ ಇಲ್ಲ. ಇದರ ಬಗ್ಗೆ ಯಾವುದಾದರೂ ಚಾನೆಲ್ ಒಂದು ವಾರ ಬಿಡದೆ ಚರ್ಚೆ ಮಾಡಿತಾ? ಮುಖ್ಯಮಂತ್ರಿ ಕುರ್ಚಿ ಯಾರಿಗೆ ಅನ್ನುವುದರ ಮೇಲೆ ಎಷ್ಟು ಸಂಜೆ ಹೋಗಿವೆ ಲೆಕ್ಕ ಹಾಕಿ.

'ಆ ಪಕ್ಷ, ಈ ಪಕ್ಷ' ಅಂತ ತೂಗಿದರೆ ಇದು ತಕ್ಕಡಿಗೇ ಬೀಳುವುದಿಲ್ಲ. ಇಬ್ಬರಿಗೂ ಬೇಡದ ಸುದ್ದಿ ಇದು. ಇಬ್ಬರನ್ನೂ ಕೂರಿಸಿ ಚರ್ಚೆ ಮಾಡಿದರೆ 'ಸಮತೋಲನ' ಆಯಿತು ಅಂತ ಆಂಕರ್ ಅಂದುಕೊಳ್ಳುತ್ತಾರೆ. ಹಳ್ಳಿಯ ಶಾಲೆ ಕಟ್ಟಡ ಯಾರನ್ನು ಕೇಳಬೇಕು ಅನ್ನುವವರು ಆ ಪ್ಯಾನೆಲ್‌ನಲ್ಲಿ ಇರುವುದೇ ಇಲ್ಲ.

ಕಡಲ_ಕರೆ

ಬರದೇ ಹೋದ ಸುದ್ದಿ ಬಗ್ಗೆಯೇ ಎಲ್ಲರೂ ಹೇಳುತ್ತಿದ್ದೀರಿ. ಬಂದ ಸುದ್ದಿಯಿಂದ ಆದ ಗಾಯವನ್ನು ಅಷ್ಟು ಹಗುರ ಮಾಡಬೇಡಿ. ತುಂಗಾತೀರ ಅವರೇ, 'ನೋಡುವವರು ಅಷ್ಟನ್ನು ಲೆಕ್ಕದಿಂದ ಕಳೆದೇ ನೋಡುತ್ತಾರೆ' ಅಂದಿರಿ. ಆ ಮಾತು ನನಗೆ ಒಪ್ಪಿಗೆ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ತಬ್ಲೀಗ್ ಅನ್ನುವ ಮುಸ್ಲಿಂ ಧಾರ್ಮಿಕ ಸಂಘಟನೆಯ ಹೆಸರಲ್ಲಿ ಟಿವಿಯಲ್ಲಿ ಏನೆಲ್ಲ ಬಂತು? ನಮ್ಮ ಊರಲ್ಲಿ ತರಕಾರಿ ಗಾಡಿಯವನಿಂದ ಜನ ಕೊಳ್ಳುವುದು ನಿಲ್ಲಿಸಿದ್ದರು. ಯಾರೂ ಏನನ್ನೂ ಲೆಕ್ಕದಿಂದ ಕಳೆದು ನೋಡಿರಲಿಲ್ಲ, ಪೂರ್ತಿ ನಂಬಿದ್ದರು.

ಬೆಂಗಳೂರಿನ ಒಂದು ನಾಗರಿಕ ಗುಂಪು ಸುಮ್ಮನಿರದೆ ದೂರು ಕೊಟ್ಟಿತು. 2021ರ ಜೂನ್‌ನಲ್ಲಿ ಪ್ರಸಾರಕರ ಸ್ವಯಂ ನಿಯಂತ್ರಣ ಸಂಸ್ಥೆ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ದಂಡ ಹಾಕಿತು. ಚಾನೆಲ್ ಕ್ಷಮೆಯನ್ನೂ ಪ್ರಸಾರ ಮಾಡಬೇಕಾಯಿತು. ಒಂದು ವರ್ಷಕ್ಕೂ ಮೇಲೆ ಆಗಿತ್ತು ಅಷ್ಟರಲ್ಲಿ. ತರಕಾರಿಯವನು ಆ ಕ್ಷಮೆ ನೋಡಿದನೋ ಇಲ್ಲವೋ.

ಮದ್ದೂರು_ವಡೆ

1 ಲಕ್ಷ ಅಂದ್ರೆ ಅವರಿಗೆ ಎಷ್ಟು ಸೆಕೆಂಡಿನ ಜಾಹೀರಾತು ಅಕ್ಕ?

ನ್ಯಾಯದ_ಕಟ್ಟೆ

ಇದನ್ನೇ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೇಳಿತು. 1 ಲಕ್ಷ ದಂಡಕ್ಕೆ ಯಾರು ಹೆದರುತ್ತಾರೆ ಅನ್ನುವ ಅರ್ಥದಲ್ಲಿ. ಇನ್ನೊಂದು ತೂತು ಇದೆ. ಆ ಸಂಸ್ಥೆಯ ಸದಸ್ಯರಾದ ಚಾನೆಲ್‌ಗಳಿಗೆ ಮಾತ್ರ ಅದರ ಆದೇಶ ಅನ್ವಯ. ರಿಪಬ್ಲಿಕ್ ಗುಂಪು 2019ರಲ್ಲಿ ಬೇರೆ ಒಕ್ಕೂಟವನ್ನೇ ಕಟ್ಟಿಕೊಂಡಿತು.

ಆದರೂ ದೂರು ಕೊಡುವುದು ವ್ಯರ್ಥ ಅನ್ನಲಾರೆ. ಮೊದಲು ಚಾನೆಲ್‌ಗೇ ಬರೆಯಬೇಕು. ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ, ಯಾವ ಮಾತು, ಸಾಧ್ಯವಾದರೆ ವಿಡಿಯೊ ಲಿಂಕ್. ತಡ ಮಾಡಬಾರದು, ಏಳು ದಿನದೊಳಗೆ ಕಳಿಸಿ. ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಆಮೇಲೆ ಸಂಸ್ಥೆಗೆ. 'ಇವರು ಪಕ್ಷಪಾತಿಗಳು' ಅಂತ ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ. ಸಂಸ್ಥೆಯ ನೀತಿಸಂಹಿತೆಯ ಯಾವ ಅಂಶ ಮುರಿದಿದ್ದಾರೆ ಅಂತ ತೋರಿಸಬೇಕು. ಪತ್ರಿಕೆಯಾದರೆ ಪತ್ರಿಕಾ ಮಂಡಳಿ, ಅಲ್ಲೂ ಮೊದಲು ಸಂಪಾದಕರಿಗೆ ಬರೆದಿರಬೇಕು.

ಕೆಂಪುಮಣ್ಣು

ನಾನಂತೂ ಟಿವಿ ಬಿಟ್ಟು ಯೂಟ್ಯೂಬ್ ನೋಡುತ್ತೇನೆ. ಅಲ್ಲಿ ಮಾಲೀಕ ಇಲ್ಲ, ಜಾಹೀರಾತು ಇಲಾಖೆ ಇಲ್ಲ.

ಹಳೇ_ವರದಿಗಾರ

ಅಷ್ಟು ನಂಬಬೇಡಿ. ಉತ್ತರ ಪ್ರದೇಶ ಸರ್ಕಾರ 2024ರಲ್ಲಿ ಡಿಜಿಟಲ್ ನೀತಿ ತಂದು, ಸರ್ಕಾರಿ ಯೋಜನೆಗಳ ಪ್ರಚಾರ ಮಾಡುವ ಇನ್‌ಫ್ಲುಯೆನ್ಸರ್‌ಗಳಿಗೆ ತಿಂಗಳಿಗೆ ಲಕ್ಷಗಳ ಲೆಕ್ಕದಲ್ಲಿ ಕೊಡುವುದಾಗಿ ಹೇಳಿತು. ಪತ್ರಿಕೆಯಲ್ಲಾದರೆ ಜಾಹೀರಾತಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಜಾಹೀರಾತು' ಅಂತ ಇರುತ್ತದೆ. ರೀಲ್ಸ್‌ನಲ್ಲಿ ಅದನ್ನು ಎಲ್ಲಿ ಹುಡುಕುತ್ತೀರಿ? ಒಳ್ಳೆಯ ಯೂಟ್ಯೂಬ್ ವರದಿಗಾರರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಟಿವಿಯವರು ತಂದ ಸುದ್ದಿಯ ಮೇಲೆ ಮಾತಾಡುತ್ತಾರೆ. ತಾಲೂಕು ಕಚೇರಿಗೆ ಹೋಗಿ ಕಡತ ಕೇಳುವವರು ಯಾರು?

ತುಂಗಾತೀರ

ಕಡಲ ಕರೆ ಅವರ ಮಾತಿಗೆ ಉತ್ತರ: ದ್ವೇಷದ ಸುದ್ದಿಯನ್ನು ನಾನು ಆ ಸಾಲಿಗೆ ಸೇರಿಸಿರಲಿಲ್ಲ, ನನ್ನ ಕಣ್ಣಿನಲ್ಲಿ ಅದು ಪಕ್ಷಪಾತಕ್ಕಿಂತ ಕೆಟ್ಟದ್ದು. ಅದಕ್ಕೆ ಬೇರೆಯೇ ಚರ್ಚೆ ಬೇಕು, ನೀವೇ ಶುರು ಮಾಡಿದರೆ ಚೆನ್ನ.

ಇಲ್ಲಿ ಒಂದು ಕೆಲಸ ಮಾಡೋಣವಾ? ಮುಂದಿನ ಚುನಾವಣೆ ಯಾವುದೇ ಬರಲಿ, ಒಬ್ಬೊಬ್ಬರು ತಮ್ಮ ಜಿಲ್ಲೆಯ ಒಂದು ಪತ್ರಿಕೆಯ ಸ್ಥಳೀಯ ಪುಟ ತೆಗೆದುಕೊಳ್ಳಿ. ಯಾವ ಅಭ್ಯರ್ಥಿಗೆ ಎಷ್ಟು ಕಾಲಂ, ವರದಿಗಾರರ ಹೆಸರು ಇದೆಯಾ, ಎದುರಾಳಿಯ ಮಾತು ಇದೆಯಾ, ಆ ಪುಟದಲ್ಲಿ ಯಾರ ಜಾಹೀರಾತು ಇದೆ ಅಂತ ಬರೆದಿಟ್ಟುಕೊಳ್ಳಿ. ಜತೆಗೆ ನಿಮ್ಮೂರಲ್ಲಿ ಅವತ್ತು ನಡೆದೂ ಪುಟದಲ್ಲಿ ಬರದ ಒಂದು ವಿಷಯ. ಶಿವಮೊಗ್ಗ ನಾನು ನೋಡಿಕೊಳ್ಳುತ್ತೇನೆ.

ರಾಯಚೂರು_ಬಿಸಿಲು

ರಾಯಚೂರು ನಂದು. ತೆಲುಗು ಪತ್ರಿಕೆಯ ಗಡಿ ಆವೃತ್ತಿನೂ ನೋಡತೀನಿ.

ಮದ್ದೂರು_ವಡೆ

ಮಂಡ್ಯ ಬೇಡ ಅಂದ್ರೂ ಬರುತ್ತೆ, ಬರ್ಕೊಳ್ಳಿ. ಕಾಲಂ ಅಳೆಯೋದು ಸ್ಕೇಲ್‌ನಲ್ಲಾ, ಕಣ್ಣಂದಾಜಲ್ಲಾ?

ಹಳೇ_ವರದಿಗಾರ

ಸ್ಕೇಲ್ ಇಟ್ಟೇ ಅಳೆಯಿರಿ. ಕಾಲಂ ಸೆಂಟಿಮೀಟರ್ ಲೆಕ್ಕ. ಜಾಹೀರಾತಿಗೆ ದರ ಹಾಕುವುದೂ ಅದರಲ್ಲೇ, ಮುಂದೆ ಎಂಸಿಎಂಸಿಗೆ ಕೊಡುವುದಾದರೆ ಅದೇ ಬೇಕಾಗುತ್ತದೆ. ಫೋಟೊ, ತಲೆಬರಹ ಎರಡನ್ನೂ ಸೇರಿಸಿ ಅಳೆಯಿರಿ. ಬೀದರ್, ಚಾಮರಾಜನಗರದವರು ಯಾರಾದರೂ ಇದ್ದರೆ ಹೆಸರು ಕೊಡಿ, ಆ ಎರಡು ಜಿಲ್ಲೆಯ ಪುಟ ಬೆಂಗಳೂರಲ್ಲಿ ಸಿಗುವುದಿಲ್ಲ.